ದಾರಿಯಮ್ಮನ ಕಲ್ಲು

ಹೊಳಲ್ಕೆರೆ
11 ಅಕ್ಟೋಬರ್ 2004

ಪ್ರೀತಿಯ ಅತ್ತಿಗೆಗೆ ಅಂಜನ್ ಮಾಡುವ ನಮಸ್ಕಾರಗಳು.

ಹೇಳದೆ ಹೊರಟೆ ಎಂದು ಬೈಯಬೇಡ. ಬೆನ್ನುಚೀಲ ಬಿಚ್ಚಿದಾಗ ತಳದಲ್ಲಿ ಶೇಂಗಾ ಉಂಡೆಯ ಡಬ್ಬಿ ಸಿಕ್ಕಿತು. ಅಂದರೆ ನಾನು ಹೊರಡುವುದು ನನಗಿಂತ ಮೊದಲು ನಿನಗೇ ಗೊತ್ತಿತ್ತು. ಕಳ್ಳಿ ನೀನು.

ಅಣ್ಣನ ಮಾತು ಇನ್ನೂ ಕಿವಿಯಲ್ಲಿದೆ. "ಇನ್ನೇನು ಮದುವೆ ಸೀಜನ್ ಶುರುವಾಗ್ತೈತೆ, ನೀನು ಕ್ಯಾಮೆರಾ ಎತ್ಕಂಡು ಗುಡ್ಡ ಸುತ್ತಾಕೆ ಹೋಗ್ತೀಯ? ಹೋಗು. ತಿರುಗಿ ಈ ಹೊಸ್ತಿಲು ತುಳೀಬ್ಯಾಡ." ಸರಿ, ತುಳಿಯುವುದಿಲ್ಲ. ಮದುವೆ ಮನೆಗಳಲ್ಲಿ ಅಕ್ಷತೆ, ಆರತಕ್ಷತೆ, ಊಟದ ಸಾಲು ತೆಗೆದು ತೆಗೆದು ನನ್ನ ಕಣ್ಣು ಜಿಡ್ಡುಗಟ್ಟಿ ಹೋಗಿದೆ.

ನನಗೆ ಬೇಕಾದ ಚಿತ್ರವೇ ಬೇರೆ. ನೀನು ಈ ಮನೆಗೆ ಸೊಸೆಯಾಗಿ ಬಂದಾಗ ನನಗಿನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ, ಅವ್ವ ಆಗಲೇ ಹೋಗಿಬಿಟ್ಟಿದ್ದಳು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊಲಕ್ಕೆ ನಡೆಯುತ್ತಿದ್ದೆಯಲ್ಲ, ಆಗ ಅರೆನಿದ್ದೆಯಲ್ಲಿ ನಾನು ನೋಡಿದ ಲೋಕ ಅಲ್ಲಾಡುತ್ತಿರಲಿಲ್ಲ. ಬೇಲಿ, ಹುಣಸೆಮರ, ಬಾವಿಕಟ್ಟೆ ಎಲ್ಲ ತಾವಾಗಿಯೇ ತೇಲಿ ಬಂದು ತೇಲಿ ಹೋಗುತ್ತಿದ್ದವು. ನಮ್ಮ ಸೀಮೆಯ ಗುಡ್ಡ, ಕೆರೆ, ಕೋಟೆಗಳನ್ನು ನಡೆಯುತ್ತಲೇ ಹಾಗೆ ತೆಗೆಯಬೇಕು. ನೋಡಿದವರಿಗೆ ಯಾರೋ ತಮ್ಮನ್ನು ಎತ್ತಿಕೊಂಡು ಹೋಗುತ್ತಿದ್ದಾರೆ ಅನ್ನಿಸಬೇಕು.

ನಡೆದು ತೆಗೆದರೆ ಕ್ಯಾಮೆರಾ ಕುಣಿಯುತ್ತದೆ. ಅದಕ್ಕೇ ಹಿರಿಯೂರಿನ ಲೇತ್ ಅಂಗಡಿ ಗುಡ್ಡಪ್ಪಣ್ಣನ ಹತ್ತಿರ ಆ ಕೋಲು ಮಾಡಿಸಿದ್ದು. ಮೇಲೆ ಕ್ಯಾಮೆರಾ, ನಡುವೆ ಬೇರಿಂಗ್ ಕೂರಿಸಿದ ಹಿಡಿ, ಕೆಳಗೆ ಭಾರ. ಕೆಳಗಿನ ಭಾರ ಮೇಲಿನ ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸುತ್ತದೆ. ಕೈ ಅಲ್ಲಾಡಿದರೂ ಚಿತ್ರ ಅಲ್ಲಾಡುವುದಿಲ್ಲ. ಭಾರಕ್ಕೆಂದು ಕಟ್ಟಿದ್ದ ನಮ್ಮ ಅಂಗಡಿ ತಕ್ಕಡಿಯ ಕಬ್ಬಿಣದ ತೂಕದ ಕಲ್ಲನ್ನು ಅಣ್ಣ ಸಿಟ್ಟಿನಲ್ಲಿ ಬಿಚ್ಚಿಕೊಂಡ. ಹೋಗಲಿ ಬಿಡು, ದಾರಿಯಲ್ಲಿ ಅದಕ್ಕಿಂತ ಒಳ್ಳೆಯ ಕಲ್ಲು ಸಿಕ್ಕಿತು. ನುಣ್ಣಗಿದೆ, ಕೈಗೆ ತಂಪಾಗಿದೆ. ಸೈಕಲ್ ಟ್ಯೂಬಿನಿಂದ ಬಿಗಿದಿದ್ದೇನೆ.

ತುಂಬಿದ ಟೇಪುಗಳನ್ನು ಬಸ್ಸಿನವರ ಕೈಲಿ ಹೊಸದುರ್ಗದ ಸ್ಟುಡಿಯೊಗೆ ಕಳಿಸುತ್ತೇನೆ. ಅಲ್ಲಿನ ನಿರಂಜನ ಸೀಡಿ ಮಾಡಿ ಬಾಗೂರಿಗೆ ಮುಟ್ಟಿಸುತ್ತಾನೆ. ನಮ್ಮ ಅಂಗಡಿಗೆ ಫೋನ್ ಮಾಡಿದರೆ ಅಣ್ಣ ಎತ್ತುತ್ತಾನೆ, ಆದ್ದರಿಂದ ಪತ್ರವೇ ಸರಿ. ಗುಡ್ಡಪ್ಪಣ್ಣನ ವಿಳಾಸಕ್ಕೆ ಬರಿ. ನಾನು ಎಲ್ಲಿದ್ದರೂ ಅವನು ಯಾವುದಾದರೂ ಬಸ್ಸಿಗೆ ಹಾಕಿ ಕಳಿಸುತ್ತಾನೆ.

ನಿನ್ನ
ಅಂಜನ್


ಬಾಗೂರು
22 ಅಕ್ಟೋಬರ್ 2004

ಚಿರಂಜೀವಿ ಅಂಜನನಿಗೆ ಅತ್ತಿಗೆ ಜಯಕ್ಕನ ಆಶೀರ್ವಾದಗಳು.

ನಿನ್ನ ಸೀಡಿ ಬಂತು. ಮೊದಲಿನ ಭಾಗ ನೋಡಿ ನನಗೆ ತಲೆ ತಿರುಗಿ ವಾಂತಿ ಬರುವ ಹಾಗಾಯಿತು. ಊರ ಮುಂದಿನ ದಾರಿ ಎತ್ತಿನಗಾಡಿಯಲ್ಲಿ ಕೂತ ಹಾಗೆ ದಡಬಡ ಅನ್ನುತ್ತಿತ್ತು. ಇದಕ್ಕೋಸ್ಕರ ಇವನು ಮನೆ ಬಿಟ್ಟನೇ ಅಂದುಕೊಂಡೆ. ಆಮೇಲೆ ಇದ್ದಕ್ಕಿದ್ದ ಹಾಗೆ ಎಲ್ಲ ನಿಂತಿತು ನೋಡು. ಜೋಳದ ಹೊಲ, ಕೆರೆ ಏರಿ, ಏರಿ ಮೇಲಿನ ಆ ಕೊಕ್ಕರೆ, ಎಲ್ಲ ಎಣ್ಣೆಯ ಮೇಲೆ ಜಾರಿದ ಹಾಗೆ ಬಂದವು. ನಿನ್ನ ಆ ಕಲ್ಲು ಒಳ್ಳೆಯದೇ ಇರಬೇಕು.

ನಿಮ್ಮಣ್ಣ ಟೀವಿಗೆ ಬೆನ್ನು ಹಾಕಿ ಕೂತು ಹುಣಸೆಹಣ್ಣಿನ ನಾರು ತೆಗೆಯುತ್ತಿದ್ದರು. ಸೀಡಿ ಮುಗಿದ ಮೇಲೆ ನೋಡಿದರೆ ನಾರೆಲ್ಲ ಹಣ್ಣಿನಲ್ಲೇ ಇತ್ತು. ನಾನು ಕಂಡೂ ಕಾಣದ ಹಾಗೆ ಎದ್ದು ಹೋದೆ.

ಹೊರಡುವಾಗ ದಾರಿಯಮ್ಮನಿಗೆ ಕೈ ಮುಗಿದೆಯಾ? ಊರ ಬಾಗಿಲ ಆ ಕಲ್ಲಿನ ಗುಡ್ಡೆಯ ಹತ್ತಿರ ನಿನ್ನನ್ನು ಎಷ್ಟು ಸಲ ಕರೆದುಕೊಂಡು ಹೋಗಿದ್ದೇನೆ. ಮನೆಯವರು ಯಾರಾದರೂ ದೂರ ಹೊರಟರೆ ಹಿಂದಿನ ಸಂಜೆ ನಮ್ಮ ಹೊಲದ್ದೊಂದು ಕಲ್ಲನ್ನು ಅಲ್ಲಿ ಇಡುತ್ತೇವೆ. ಹೋದವನು ತಿರುಗಿ ಬಂದು ತನ್ನ ಕಲ್ಲನ್ನು ತಾನೇ ಎತ್ತಿ ಮನೆಗೆ ತರಬೇಕು. ಕಲ್ಲು ಅಲ್ಲಿರುವವರೆಗೂ ಅವನಿಗೆ ಊರಿನ ಹಾದಿ ಮರೆಯುವುದಿಲ್ಲ. ಬರಗೇರಮ್ಮನ ಮಗ ಗೋವಾಕ್ಕೆ ಹೋದಾಗ ಅವಳಿಟ್ಟ ಕಲ್ಲು ಕಾಣೆಯಾಯಿತು. ಇವತ್ತಿಗೂ ಅವನು ಬಂದಿಲ್ಲ, ಅವಳು ಈಗಲೂ ಬಸ್ಸು ಬಂದಾಗಲೆಲ್ಲ ಎದ್ದು ನಿಲ್ಲುತ್ತಾಳೆ. ನಾನು ನಿನಗೆ ಕಲ್ಲಿಟ್ಟೆನೋ ಇಲ್ಲವೋ ಅದನ್ನು ಕೇಳಬೇಡ. ಹೋದವನಿಗೆ ಹೇಳಬಾರದು ಅಂತ ಇದೆ.

ಹೊಸದುರ್ಗದ ಕಡೆಯಿಂದ ಒಂದು ಸಂಬಂಧ ಬಂದಿದೆ. ಮೇಘಶ್ರೀ ಅಂತ, ಹೊಲಿಗೆ ಕಲಿತಿದ್ದಾಳೆ, ನಕ್ಕರೆ ಚೆನ್ನಾಗಿ ಕಾಣುತ್ತಾಳೆ. ನಿನ್ನಂಥ ಅಲೆಮಾರಿಗೆ ಯಾರು ಕೊಡುತ್ತಾರೋ ಅಂತ ನಾನೇ ಮಾತು ಮುಂದುವರಿಸಿದ್ದೇನೆ. ಸಂಕ್ರಾಂತಿಗೆ ಎಂದಿನ ಹಾಗೆ ಜುಂಜಣ್ಣನ ಕುರಿ ಮಂದೆ ನಮ್ಮ ಹೊಲದಲ್ಲಿ ನಿಲ್ಲುವುದಕ್ಕೆ ಬರುತ್ತದೆ. ಅಷ್ಟರೊಳಗೆ ಬಾ.

ಜಯಕ್ಕ


ಚಿತ್ರದುರ್ಗ
3 ನವೆಂಬರ್ 2004

ಪ್ರೀತಿಯ ಅತ್ತಿಗೆ,

ದಾರಿಯಮ್ಮನ ಹತ್ತಿರ ನಿಂತೇ ಬಂದೆ. ಬಗ್ಗಿಯೇ ಬಂದೆ. ಇನ್ನು ಆ ವಿಷಯ ಬಿಡು.

ಇಲ್ಲಿ ಜೋಗಿಮಟ್ಟಿ ಗುಡ್ಡವನ್ನು ಬೆಳಗಿನ ಹೊತ್ತು ಹತ್ತುತ್ತೇನೆ. ಮಂಜು ಇರುತ್ತದೆ. ನನ್ನ ಮುಂದಿನ ಹುಲ್ಲು ಮಾತ್ರ ಕಾಣುತ್ತದೆ, ಅದರಾಚೆ ಲೋಕ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಮೊಣಕಾಲು ಸ್ವಲ್ಪ ಬಗ್ಗಿಸಿ, ಹಿಮ್ಮಡಿ ಮೊದಲು ಊರಿ, ಉಸಿರನ್ನು ಹಿಡಿದು ಹಿಡಿದು ಬಿಡುತ್ತಾ ನಡೆಯುತ್ತೇನೆ. ತುಂಬಿದ ಕೊಡ ಹೊತ್ತು ನೀನು ನಡೆಯುತ್ತಿದ್ದ ಹಾಗೆ. ಗಾಳಿಯಂತ್ರದ ರೆಕ್ಕೆಯೊಂದು ಮಂಜಿನೊಳಗಿಂದ ಇಳಿದು ಬಂದು ಮತ್ತೆ ಮಂಜಿನೊಳಗೆ ಹೋಗುತ್ತದೆ. ಇನ್ನೊಂದು ಬರುತ್ತದೆ. ಸದ್ದು ಮಾತ್ರ ಹತ್ತಿರದಲ್ಲೇ ಯಾರೋ ಮಲಗಿ ಉಸಿರಾಡುತ್ತಿರುವ ಹಾಗೆ ಕೇಳುತ್ತದೆ. ನಾನು ನಡೆಯುತ್ತಿದ್ದೇನೋ ನಿಂತಿದ್ದೇನೋ ಒಂದೊಂದು ಸಲ ನನಗೇ ತಿಳಿಯುವುದಿಲ್ಲ. ಖುಷಿಯೋ ಖುಷಿ, ಅತ್ತಿಗೆ. ಇಷ್ಟು ಖುಷಿಯಾಗಿ ನಾನು ಯಾವತ್ತೂ ಇದ್ದದ್ದೇ ಇಲ್ಲ.

ಕೋಟೆಯೊಳಗೆ ಒಂದು ಸಂಜೆ ಪೂರ್ತಿ ಒಂದೇ ಹಾದಿಯಲ್ಲಿ ಮತ್ತೆ ಮತ್ತೆ ನಡೆದೆ. ಬಂಡೆಗಳ ಸಂದಿಯಿಂದ ಬಿಸಿಲು ಇಳಿದು ಗೋಡೆಯ ಮೇಲೆ ನನ್ನ ಜೊತೆಗೇ ಬರುತ್ತಿತ್ತು. ಕಾವಲುಗಾರ ನಾಗರಾಜಪ್ಪ ಎನ್ನುವವರು ನೋಡಿ ನೋಡಿ ಸಾಕಾಗಿ, "ಏನಪ್ಪ, ಏನಾರ ಕಳ್ಕಂಡಿದೀಯ?" ಎಂದು ಕೇಳಿದರು. ಕಳೆದುಕೊಂಡಿದ್ದು ಸಿಗುತ್ತಾ ಇದೆ ಎಂದೆ. ಅವರು ನನಗೆ ಹುಚ್ಚು ಎಂದುಕೊಂಡು ಚಹಾ ಕುಡಿಸಿದರು. ಕ್ಯಾಮೆರಾದ ಬ್ಯಾಟರಿಯನ್ನೂ ಅವರ ಕೋಣೆಯಲ್ಲೇ ಚಾರ್ಜ್ ಮಾಡಿಕೊಂಡೆ.

ಕಲ್ಲಿಗೂ ನನಗೂ ಈಗ ಹೊಂದಿಕೆಯಾಗಿದೆ. ನಾನು ಎಡವಿದರೂ ಅದು ಎಡವುವುದಿಲ್ಲ.

ಮೇಘಶ್ರೀ ನಗುವುದನ್ನು ಇನ್ಯಾರಾದರೂ ನೋಡಲಿ. ಹುಣಸೆಹಣ್ಣಿನ ವಿಷಯ ನನ್ನನ್ನು ಸಮಾಧಾನ ಮಾಡಲು ಕಟ್ಟಿದ ಕಥೆ ಎಂದು ನನಗೆ ಗೊತ್ತು. ಅಣ್ಣ ಅಂಥವನಲ್ಲ.

ಅಂಜನ್


ಬಾಗೂರು
15 ನವೆಂಬರ್ 2004

ಚಿರಂಜೀವಿ ಅಂಜನನಿಗೆ,

ದೀಪಾವಳಿ ಹಬ್ಬ ಆಯಿತು. ಕಡುಬು ಮಾಡಿದ್ದೆ, ನಿನ್ನ ಪಾಲನ್ನು ಬೀದಿ ಮಕ್ಕಳಿಗೆ ಕೊಟ್ಟೆ.

ಹಬ್ಬದ ಮಾರನೇ ದಿನ ಎಡೆ ತೆಗೆದುಕೊಂಡು ದಾರಿಯಮ್ಮನ ಹತ್ತಿರ ಹೋಗಿದ್ದೆ. ಅಲ್ಲಿ ಕಂಡದ್ದನ್ನು, ಅಲ್ಲ, ಕಾಣದೇ ಹೋದದ್ದನ್ನು ನಿನಗೆ ಬರೆಯುವ ಹಾಗಿಲ್ಲ. ಬೇವಿನ ಮರದ ಸುತ್ತ ಎಲ್ಲ ಹುಡುಕಿದೆ. ಬರಗೇರಮ್ಮ ಅಲ್ಲೇ ಕಟ್ಟೆ ಮೇಲೆ ಕೂತಿದ್ದಳು. ಏನು ಹುಡುಕ್ತಾ ಇದ್ದೀಯ ಅಂತ ಅವಳು ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೇ ಹೆದರಿ ಎಡೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದುಬಿಟ್ಟೆ.

ಇನ್ನು ಸಾಕು, ಬಂದುಬಿಡು. ಇದ್ದ ಬದ್ದ ಚಿತ್ರ ಸಾಕು. ನಿಮ್ಮಣ್ಣನೇ ಹೇಳಿದರು, ಬರಲಿ ಅಂತ, ಹೊಸ್ತಿಲ ಮಾತು ಸಿಟ್ಟಿನಲ್ಲಿ ಬಂದದ್ದು ಅಂತ. ದಿನಾ ನಿನ್ನನ್ನೇ ಕೇಳುತ್ತಿರುತ್ತಾರೆ. ಹುಡುಗಿಯ ಮನೆಯವರೂ ಕಾಯುತ್ತಿದ್ದಾರೆ. ಪತ್ರ ಸಿಕ್ಕ ತಕ್ಷಣ ಬಸ್ಸು ಹತ್ತು. ನಡೆಯಬೇಡ. ಹೊಂಡ, ಬಾವಿ ಹತ್ತಿರ ಹೋಗಬೇಡ. ಗುಡ್ಡ ಹತ್ತಬೇಡ.

ಜಯಕ್ಕ


ಐಮಂಗಲ
24 ನವೆಂಬರ್ 2004

ಅತ್ತಿಗೆ,

ನಿನ್ನ ಪತ್ರ ಓದಿದೆ. ಗುಡ್ಡ ಹತ್ತಬೇಡ, ಬಾವಿ ಹತ್ತಿರ ಹೋಗಬೇಡ. ನಾನೇನು ಇನ್ನೂ ನಿನ್ನ ಸೊಂಟದ ಮೇಲಿದ್ದೇನೆಯೆ?

ಅಣ್ಣ ಬಾ ಎಂದಿದ್ದರೆ ಎರಡು ಸಾಲು ಅವನೇ ಬರೆಯಲಿ. ಬರೆಯುವುದು ಬೇಡವೆಂದರೆ ಗುಡ್ಡಪ್ಪಣ್ಣನ ಅಂಗಡಿಗೆ ಒಂದು ಫೋನ್ ಮಾಡಲಿ. ಅವನು ಮಾಡುವುದಿಲ್ಲ, ಏಕೆಂದರೆ ಅವನು ಬಾ ಎಂದಿಲ್ಲ. ಹುಡುಗಿ ನೋಡುವ ಶಾಸ್ತ್ರಕ್ಕೆ ನನ್ನನ್ನು ಬಸ್ಸು ಹತ್ತಿಸಲು ನೀನು ಹೂಡಿದ ಆಟ ಇದು. ನೀನೂ ನನ್ನ ಚಿತ್ರವನ್ನು ಬಿಟ್ಟುಕೊಟ್ಟೆಯಲ್ಲ ಎಂದು ನೋವಾಯಿತು. ನೀನೊಬ್ಬಳು ನೋಡುತ್ತಿದ್ದೀಯ ಎಂದುಕೊಂಡೇ ನಾನು ಪ್ರತಿ ಹೆಜ್ಜೆ ಇಡುತ್ತಿದ್ದೆ.

ಇಲ್ಲಿ ಹೆದ್ದಾರಿಯ ಪಕ್ಕ ಡಾಬಾದಲ್ಲಿ ಪುಣೆಯ ಕಡೆಯ ಕೆಲವರು ಸಿಕ್ಕಿದ್ದರು. ನನ್ನ ಹಾಗೆಯೇ ಬೆನ್ನುಚೀಲದವರು, ಬೆಟ್ಟ ಹತ್ತುವವರು. ಕೋಲು ಹಿಡಿದು ನಡೆದು ತೋರಿಸಿದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಜೋಗಿಮಟ್ಟಿಯ ಮಂಜನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು. ಚಳಿ ಇಳಿದ ಮೇಲೆ ಹಿಮಾಲಯಕ್ಕೆ ಹೋಗುತ್ತಾರಂತೆ, ನಮ್ಮ ಜೊತೆ ಬಾ ಎಂದರು. ಹೋಗುವ ಮನಸ್ಸಿದೆ. ಹೋದರೆ ಅಲ್ಲಿಂದ ಇನ್ನೆಲ್ಲಿಗೋ. ತಿರುಗಿ ಬರುವುದರ ಬಗ್ಗೆ ಈಗ ಏನೂ ಹೇಳಲಾರೆ.

ಜುಂಜಣ್ಣನ ಮಂದೆ ಈ ಕಡೆಯೇ ಇದೆ ಎಂದು ಕೇಳಿದೆ. ಅವರ ಜೊತೆ ನಾಲ್ಕು ದಿನ ನಡೆದು ಕುರಿಗಳನ್ನು ತೆಗೆಯುತ್ತೇನೆ.

ಅಂಜನ್


ಬಾಗೂರು
2 ಡಿಸೆಂಬರ್ 2004

ಚಿರಂಜೀವಿ ಅಂಜನನಿಗೆ,

ನಾವು ಕ್ಷೇಮ. ರಾಗಿ ಕೊಯ್ಲು ಮುಗಿಯಿತು. ನಿನ್ನ ಪತ್ರ ಬಂತು.

ಹುಡುಗಿಯ ಮನೆಯವರಿಗೆ ಬೇರೆ ಕಡೆ ನೋಡಿಕೊಳ್ಳಿ ಅಂದಿದ್ದೇನೆ. ಹಿಮಾಲಯಕ್ಕೆ ಹೋಗುವುದಾದರೆ ಉಣ್ಣೆ ಬಟ್ಟೆ ತೆಗೆದುಕೋ. ಮೈಯಲ್ಲಿ ಹುಷಾರಾಗಿದ್ದೀಯ ಅಂತ ಒಂದು ಕಾರ್ಡು ಹಾಕು. ಬೇರೆ ಏನೂ ಬರೆಯದಿದ್ದರೂ ನಡೆಯುತ್ತದೆ.

ಸಂಜೆ ಬಸ್ಸಿನ ಹೊತ್ತಿಗೆ ಬರಗೇರಮ್ಮನ ಪಕ್ಕ ಹೋಗಿ ಕೂರುತ್ತೇನೆ. ಅವಳು ಎದ್ದರೆ ನಾನೂ ಏಳುತ್ತೇನೆ.

ಜಯಕ್ಕ


ಜವನಗೊಂಡನಹಳ್ಳಿ
13 ಡಿಸೆಂಬರ್ 2004

ಅತ್ತಿಗೆ,

ನಿನ್ನ ಪತ್ರ ನೋಡಿ ಏನೋ ತಪ್ಪಾಗಿದೆ ಎನ್ನಿಸಿತು. ನೀನು ಬೈದರೆ ನನಗೆ ಸಮಾಧಾನ, ಹೀಗೆ ಕಾಗದದಲ್ಲಿ ಅಪರಿಚಿತಳ ಹಾಗೆ ಮಾತಾಡಿದರೆ ಕೈಕಾಲು ಆಡುವುದಿಲ್ಲ. ಹುಷಾರಾಗಿದ್ದೇನೆ. ಮಾತು ಜಾಸ್ತಿಯಾಯಿತು, ಮನಸ್ಸಿನಲ್ಲಿಟ್ಟುಕೊಳ್ಳಬೇಡ.

ಜುಂಜಣ್ಣನ ಮಂದೆಯ ಜೊತೆ ಇದ್ದೇನೆ. ಮುಂದೆ ಜುಂಜಣ್ಣ, ಹಿಂದೆ ಕತ್ತೆಯ ಜೊತೆ ಅವನ ಹೆಂಡತಿ ಸಿದ್ದಕ್ಕ, ನಡುವೆ ಕುರಿಗಳು, ಕುರಿಗಳ ನಡುವೆ ನಾನು. ಮೊದಲ ದಿನ ಕುರಿಗಳು ನನ್ನನ್ನು ಕಂಡು ಸೀಳಿ ಸೀಳಿ ಹೋಗುತ್ತಿದ್ದವು. ಈಗ ಮೈಗೆ ಮೈ ತಾಗಿಸಿಕೊಂಡು ಹೋಗುತ್ತವೆ. ಇಳಿಬಿಸಿಲಿನಲ್ಲಿ ಧೂಳು ಏಳುತ್ತದೆ, ಧೂಳೆಲ್ಲ ಬಂಗಾರದ ಬಣ್ಣ. ಕ್ಯಾಮೆರಾವನ್ನು ಕುರಿಯ ಬೆನ್ನಿನ ಎತ್ತರಕ್ಕೆ ಇಳಿಸಿ ನಡೆದರೆ ನೆಲವೇ ಕಾಣುವುದಿಲ್ಲ, ಬೆನ್ನುಗಳೇ ಕಾಣುತ್ತವೆ, ನಾನು ಅವುಗಳ ಮೇಲೆ ತೇಲುತ್ತಿರುತ್ತೇನೆ. ಅತ್ತಿಗೆ, ಸಿಕ್ಕಿತು. ನಿನ್ನ ಸೊಂಟದ ಮೇಲಿಂದ ನಾನು ನೋಡಿದ್ದು ಇದೇ. ಆ ಟೇಪನ್ನು ಆವತ್ತೇ ಬಸ್ಸಿಗೆ ಹಾಕಿದೆ.

ಮಧ್ಯೆ ಹಿರಿಯೂರಿಗೆ ಹೋಗಿದ್ದೆ. ಗುಡ್ಡಪ್ಪಣ್ಣ ಕೋಲಿಗೆಂದೇ ಕಬ್ಬಿಣದ ಬಿಲ್ಲೆ ಕೊರೆದು ಕೊಟ್ಟಿದ್ದಾನೆ, ತಿರುಪು ಹಾಕಿ ಕೂರಿಸುವ ಹಾಗೆ. ಹಿಮಾಲಯಕ್ಕೆ ಹೋಗುವವನು ಕಲ್ಲು ಕಟ್ಟಿಕೊಂಡು ಹೋಗ್ತೀಯೇನೋ ಎಂದು ನಕ್ಕ. ಹೀಗಾಗಿ ಕಲ್ಲಿಗೆ ಕೆಲಸ ಇಲ್ಲವಾಯಿತು. ಸಿದ್ದಕ್ಕನ ಖಾರ ಅರೆಯುವ ಗುಂಡು ಹೊಳೆ ದಾಟುವಾಗ ನೀರಿಗೆ ಬಿದ್ದು ಹೋಗಿತ್ತಂತೆ. ಕಲ್ಲನ್ನು ಅವಳಿಗೆ ಕೊಟ್ಟೆ. ಅವತ್ತಿನ ರೊಟ್ಟಿಗೆ ಅದರಲ್ಲೇ ಅರೆದ ಬೆಳ್ಳುಳ್ಳಿ ಖಾರ. ಕಣ್ಣಲ್ಲಿ ನೀರು ಬಂತು.

ನಗಬೇಡ, ಒಂದು ಮಾತು ಹೇಳುತ್ತೇನೆ. ಆ ಕಲ್ಲು ದಾರಿಯಮ್ಮನ ಹತ್ತಿರದ್ದು. ಗುಡ್ಡೆಗೆ ಕೈ ಹಾಕಲಿಲ್ಲ, ನನಗೂ ಭಯ ಭಕ್ತಿ ಇದೆ. ಆಚೆ ಬೇವಿನ ಬುಡದಲ್ಲಿ ಸುಮ್ಮನೆ ಬಿದ್ದಿತ್ತು. ನೀನು ಬೈಯುತ್ತೀಯ ಎಂದು ಇಲ್ಲಿಯವರೆಗೂ ಹೇಳಿರಲಿಲ್ಲ.

ಅಂಜನ್


ಬಾಗೂರು
15 ಡಿಸೆಂಬರ್ 2004

ನನ್ನ ಕಂದ ಅಂಜನ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೋ.

ಕುರಿಯ ಸೀಡಿ ಇವತ್ತು ಬಂತು. ನಾನು ಸುಮ್ಮನೆ ನೋಡುತ್ತಾ ಕೂತಿದ್ದೆ. ಕುರಿಗಳು ಕಟ್ಟೆಯ ನೀರಿಗೆ ಇಳಿದವು. ನೀನೂ ಅವುಗಳ ಹಿಂದೆ ಇಳಿದೆ. ನೀರು ಅಲುಗಿ ಅಲುಗಿ ನಿಂತಿತು. ನಿಂತ ನೀರಿನಲ್ಲಿ ಮೋಡ ಕಂಡಿತು, ನಿನ್ನ ಮುಖ ಕಂಡಿತು, ಎಷ್ಟು ಕಪ್ಪಾಗಿದ್ದೀಯೋ, ನಿನ್ನ ಕೈಯ ಕೆಳಗೆ ಕೋಲು, ಕೋಲಿನ ತುದಿಯಲ್ಲಿ ನನ್ನ ಕಲ್ಲು.

ನಮ್ಮ ಬಾವಿಕಟ್ಟೆಯ ಕಲ್ಲು ಅದು. ಜನಿವಾರ ಹಾಕಿದ ಹಾಗೆ ಬಿಳೀ ಗೆರೆ ಸುತ್ತಿಕೊಂಡಿದೆಯಲ್ಲ, ಅದಕ್ಕೇ ಅದನ್ನು ಆರಿಸಿದ್ದೆ. ನೀನು ಹೊರಡುವ ಹಿಂದಿನ ಸಂಜೆ ನಿನ್ನ ಹೆಸರು ಹೇಳಿ ಇಟ್ಟು ಬಂದೆ. ಗುಡ್ಡೆಯ ಮೇಲಿಟ್ಟರೆ ಮೇಕೆಗಳು ಉರುಳಿಸುತ್ತವೆ ಅಂತ ಜಾಣೆಯ ಹಾಗೆ ಬೇವಿನ ಬುಡದಲ್ಲಿಟ್ಟೆ. ಹಬ್ಬದ ಮಾರನೇ ದಿನ ನೋಡಿದರೆ ಇಲ್ಲ. ಅವತ್ತಿನಿಂದ ನಾನು ಊಟ ಮಾಡಿದ್ದು ಊಟವಲ್ಲ, ಮಲಗಿದ್ದು ನಿದ್ದೆಯಲ್ಲ. ನೀನು ಹಿಮಾಲಯ ಅಂತ ಬರೆದಾಗ, ಮುಗಿಯಿತು, ಬರಗೇರಮ್ಮನ ಪಾಡೇ ನನಗೂ ಅಂದುಕೊಂಡೆ.

ಕಲ್ಲು ಕಳೆದಿರಲಿಲ್ಲ. ನೀನೇ ಹೊತ್ತುಕೊಂಡು ತಿರುಗುತ್ತಿದ್ದೆ. ನಿನ್ನ ಚಿತ್ರವನ್ನು ನೆಟ್ಟಗೆ ಹಿಡಿದಿದ್ದು ಅದೇ. ನಾನು ಒಬ್ಬಳೇ ನಕ್ಕೆ, ಅತ್ತೆ, ಮತ್ತೆ ಹಿಂದಕ್ಕೆ ಓಡಿಸಿ ನೋಡಿದೆ.

ನಿಮ್ಮಣ್ಣ ಬಾ ಅಂದಿರಲಿಲ್ಲ. ಅದು ನನ್ನ ಸುಳ್ಳು. ನಿನಗೆ ಸುಳ್ಳು ಹೇಳಿದೆನಲ್ಲ ಅಂತ ಬೇಜಾರಿದೆ. ಹುಣಸೆಹಣ್ಣಿನದು ಮಾತ್ರ ದೇವರಾಣೆ ನಿಜ. ನೀನು ಎಲ್ಲಿಗೆ ಬೇಕಾದರೂ ಹೋಗು, ಇನ್ನು ತಡೆಯುವುದಿಲ್ಲ. ಆದರೆ ಆ ಕಲ್ಲನ್ನು ಎಲ್ಲೂ ಕೆಳಗಿಡಬೇಡ. ಯಾರಿಗೂ ಕೊಡಬೇಡ. ಎಂದಾದರೂ ಒಂದು ದಿನ ಅದನ್ನು ನೀನೇ ಮನೆಗೆ ತಾ.

ಜಯಕ್ಕ


ಬಾಗೂರು
18 ಡಿಸೆಂಬರ್ 2004

ಅಂಜನ,

ನಿನ್ನ ಪತ್ರ ಈಗ ಬಂತು. ನನ್ನದು ನಿನಗೆ ತಲುಪುವ ಮೊದಲೇ ಕೊಟ್ಟುಬಿಟ್ಟಿದ್ದೀಯ.

ಸಿದ್ದಕ್ಕ ಒಳ್ಳೆಯವಳು. ಅವಳ ರೊಟ್ಟಿಗೆ ಖಾರ ಆಗಿದೆ, ಇರಲಿ.

ಜಯಕ್ಕ


ಹಿರಿಯೂರು
3 ಜನವರಿ 2005

ಅತ್ತಿಗೆ,

ನಿನ್ನ ಎರಡೂ ಪತ್ರ ಒಟ್ಟಿಗೇ ಸಿಕ್ಕವು. ಗುಡ್ಡಪ್ಪಣ್ಣನ ಲೇತ್ ಮಷೀನಿನ ಪಕ್ಕ ಕೂತು ಓದಿದೆ. ಸದ್ದಿನಲ್ಲಿ ಯಾರಿಗೂ ಕೇಳಿಸದು ಎಂದು ಅತ್ತುಬಿಟ್ಟೆ.

ಅವತ್ತೇ ಜವನಗೊಂಡನಹಳ್ಳಿಗೆ ಓಡಿದೆ. ಮಂದೆ ಇದ್ದ ಹೊಲದಲ್ಲಿ ಹಿಕ್ಕೆ, ಒಲೆಯ ಬೂದಿ ಬಿಟ್ಟರೆ ಏನೂ ಇರಲಿಲ್ಲ. ಶಿರಾ ಕಡೆ ಹೋದರು ಎಂದು ಒಬ್ಬರು ಹೇಳಿದರು, ಆ ಕಡೆ ನಡೆದೆ. ಅದು ಬೇರೆ ಯಾರದೋ ಮಂದೆ. ಹೋದ ದಾರಿಯಲ್ಲೇ ತಿರುಗಿ ಬಂದೆ. ಕ್ಯಾಮೆರಾ ಚೀಲದಿಂದ ಹೊರಗೇ ತೆಗೆಯಲಿಲ್ಲ. ಕೋಲಿಗೆ ಈಗ ಒಳ್ಳೆಯ ಕಬ್ಬಿಣದ ಭಾರ ಇದೆ, ಸರಿಯಾಗಿಯೇ ನಿಲ್ಲುತ್ತದೆ, ಆದರೆ ಹಿಡಿದರೆ ಕೈ ಖಾಲಿ ಅನ್ನಿಸುತ್ತದೆ.

ಪುಣೆಯವರಿಗೆ ಈ ಸಲ ಬರುವುದಿಲ್ಲ ಎಂದು ತಿಳಿಸಿದೆ. ಮನೆಗೆ ಬರಬೇಕೆಂದು ಜೀವ ಹಾತೊರೆಯುತ್ತಿದೆ, ಅತ್ತಿಗೆ. ಬರುವುದು ಹೇಗೆ? ಕಲ್ಲಿಲ್ಲದೆ ದಾರಿಯಮ್ಮನನ್ನು ದಾಟಿ ನಿನ್ನ ಮುಂದೆ ಬಂದು ನಿಲ್ಲಲಾರೆ. ಕಲ್ಲು ಸಿಕ್ಕಿದರೂ ಅಣ್ಣ ಬೇಡವೆಂದ ಹೊಸ್ತಿಲನ್ನು ತುಳಿಯಲಾರೆ. ಗುಡ್ಡಪ್ಪಣ್ಣನ ಅಂಗಡಿಯಲ್ಲೇ ಕೆಲಸ ಮಾಡಿಕೊಂಡು ಮಂದೆಯ ಸುದ್ದಿಗೆ ಕಾಯುತ್ತೇನೆ.

ಅಂಜನ್


ಬಾಗೂರು
12 ಜನವರಿ 2005

ಚಿರಂಜೀವಿ ಅಂಜನನಿಗೆ ಜಯಕ್ಕನ ಆಶೀರ್ವಾದಗಳು.

ದಡ್ಡ ನನ್ನ ಮಗನೇ, ಮಂದೆಯ ಸುದ್ದಿಗೆ ಅಲ್ಲಿ ಯಾಕೆ ಕಾಯುತ್ತಿದ್ದೀಯ? ಜುಂಜಣ್ಣನ ಮಂದೆ ಸಂಕ್ರಾಂತಿಗೆ ಎಲ್ಲಿ ನಿಲ್ಲುತ್ತದೆ ಅಂತ ಅಕ್ಟೋಬರ್‌ನಲ್ಲೇ ಬರೆದಿರಲಿಲ್ಲವೇ? ನಾನೂ ಅಷ್ಟೇ ದಡ್ಡಿ. ದುಃಖದಲ್ಲಿ ನನಗೂ ಹೊಳೆಯಲಿಲ್ಲ.

ಮೊನ್ನೆ ಕುರಿಗಳು ಬಂದವು. ಹೊಲಕ್ಕೆ ಮಜ್ಜಿಗೆ ತೆಗೆದುಕೊಂಡು ಹೋದೆ. ಬಾವಿಕಟ್ಟೆಯ ಪಕ್ಕದಲ್ಲೇ ಸಿದ್ದಕ್ಕ ಒಲೆ ಹೂಡಿದ್ದಳು. ಬಂಡೆಯ ಮೇಲೆ ಒಣಮೆಣಸಿನಕಾಯಿ ಅರೆಯುತ್ತಿದ್ದಳು. ಕೈಯಲ್ಲಿ ಬಿಳೀ ಗೆರೆಯ ಕಲ್ಲು. ಎಲ್ಲಿಂದ ಎತ್ತಿದ್ದೆನೋ ಅಲ್ಲಿಗೇ ಬಂದು ಕೂತಿತ್ತು ಕಣೋ. "ನಿಮ್ಮ ಹುಡುಗನೇ ಕೊಟ್ಟಿದ್ದು ಕಣಕ್ಕ, ಖಾರ ಎಷ್ಟು ನುಣ್ಣಗಾಗ್ತೈತೆ ನೋಡು" ಅಂದಳು. ಮನೆಗೆ ಹೋಗಿ ನಮ್ಮ ಒರಳಿನ ಗುಂಡನ್ನೇ ತಂದು ಅವಳಿಗೆ ಕೊಟ್ಟು, ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಬಂದಮೇಲೆ ಹೊಸ ಭಯ ಶುರುವಾಯಿತು. ಕಲ್ಲೇನೋ ಮನೆಗೆ ಬಂತು, ಕಲ್ಲಿನವನು ಬಂದಿಲ್ಲ. ಇದು ಒಳ್ಳೆಯದೋ ಕೆಟ್ಟದ್ದೋ? ಬರಗೇರಮ್ಮನನ್ನು ಕೇಳಿದರೆ ಅವಳಿಗೂ ತಿಳಿಯದು. ದೇವರ ಗೂಡಿನಲ್ಲಿ ಇಡಲು ಹೋಗುತ್ತಿದ್ದೆ, ನಿಮ್ಮಣ್ಣ ಬಾಗಿಲಿಗೆ ಅಡ್ಡ ನಿಂತರು. ಎಲ್ಲ ಕಕ್ಕಿಸಿದರು. ಕಲ್ಲು, ಬೇವಿನಮರ, ನನ್ನ ಸುಳ್ಳು, ನಿನ್ನ ಪತ್ರಗಳು, ಎಲ್ಲ ಹೇಳಿದೆ. ಕಲ್ಲನ್ನು ತೆಗೆದುಕೊಂಡು ಮೂಸಿ ನೋಡಿದರು, ಬೆಳ್ಳುಳ್ಳಿ ವಾಸನೆ ಅಂದರು. ಬಚ್ಚಲಿಗೆ ಹೋಗಿ ತಾವೇ ತೊಳೆದರು. ಆಮೇಲೆ ಅಂದರು:

"ಅವನ ಕಲ್ಲನ್ನ ಅವನೇ ತರಬೇಕಲ್ಲೇನೇ? ನೀನ್ಯಾಕೆ ಒಳಗಿಡ್ತೀಯ? ಕೊಡಿಲ್ಲಿ."

ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡಿದ್ದಾರೆ. ಅಂಗಡಿಗೆ ಬೀಗ ಹಾಕಿದ್ದಾರೆ. ಹಬ್ಬ ಹತ್ತಿರ ಬಂದಿರುವಾಗ ಅಂಗಡಿಗೆ ಬೀಗ ಬಿದ್ದದ್ದನ್ನು ನಾನು ಈ ಮನೆಗೆ ಬಂದಮೇಲೆ ನೋಡಿರಲಿಲ್ಲ.

ಈ ಪತ್ರವನ್ನು ನಿನ್ನ ಕೈಗೆ ಕೊಡುತ್ತಿರುವವರು ಅವರೇ. ಬಾಯಲ್ಲಿ ಏನೂ ಹೇಳಲಾರರು, ನೀನು ಕಾಯಬೇಡ. ಬಂದಿದ್ದಾರೆ, ಅಷ್ಟು ಸಾಕು.

ಜಯಕ್ಕ


ಹಿರಿಯೂರು
13 ಜನವರಿ 2005

ಅತ್ತಿಗೆ,

ಇದನ್ನು ಹೊಸದುರ್ಗದ ಬಸ್ಸಿನವರ ಕೈಲಿ ಕಳಿಸುತ್ತಿದ್ದೇನೆ. ನಮಗಿಂತ ಮೊದಲು ನಿನಗೆ ಸಿಗುತ್ತದೆ.

ಲೇತ್ ಅಂಗಡಿಯ ಬಾಗಿಲಲ್ಲಿ ನೆರಳು ಬಿತ್ತು, ತಲೆ ಎತ್ತಿದರೆ ಅಣ್ಣ. ನಿಂತೇ ಇದ್ದ. ನಾನು ಬರ್ರಿ, ಕುಂತ್ಕಳ್ರಿ ಎಂದು ಗಿರಾಕಿಗೆ ಹೇಳುವ ಹಾಗೆ ಹೇಳಿಬಿಟ್ಟೆ, ಅಷ್ಟು ಗಾಬರಿ. ಅವನು ಟವೆಲ್ ಬಿಚ್ಚಿ ಕಲ್ಲನ್ನು ನನ್ನ ಕೈಗಿಟ್ಟ. ನಿನ್ನ ಪತ್ರ ಕೊಟ್ಟ. ನಾನು ಓದಿ ಮುಗಿಸುವವರೆಗೂ ಗುಡ್ಡಪ್ಪಣ್ಣನ ಮಷೀನನ್ನೇ ನೋಡುತ್ತಾ ನಿಂತಿದ್ದ. ನಂತರ ಕೋಲನ್ನು ತೋರಿಸಿ ಕೇಳಿದ, "ಕಲ್ಲನ್ನ ಎಲ್ಲಿಗೆ ಕಟ್ಟಾದು?" ನಾನು ತೋರಿಸಿದೆ. ಕಬ್ಬಿಣದ ಬಿಲ್ಲೆ ಬಿಚ್ಚಿ, ಸೈಕಲ್ ಟ್ಯೂಬಿನಿಂದ ಅವನೇ ಬಿಗಿದ. ಗೊಬ್ಬರದ ಮೂಟೆ ಬಿಗಿದ ಹಾಗೆ ಬಿಗಿದಿದ್ದಾನೆ, ಇನ್ನು ಬಿಚ್ಚುವುದಿಲ್ಲ.

ಬಸ್ ಸ್ಟ್ಯಾಂಡಿಗೆ ಹೊರಟೆವು. ಬಸ್ಸು ನಿಂತಿತ್ತು. ಅಣ್ಣ ಹತ್ತಲಿಲ್ಲ. "ನಡ್ಕಂಡೇ ಹೋಗಾಣ. ನೀನು ಹೆಂಗೆ ತೆಗೀತೀಯೋ ನಾನೂ ನೋಡ್ತೀನಿ" ಎಂದ. ಅವನ ಮಂಡಿ ನೋವು ನಿನಗೆ ಗೊತ್ತಲ್ಲ, ಬೇಡವೆಂದರೂ ಕೇಳಲಿಲ್ಲ. ಹೀಗಾಗಿ ವಾಣಿವಿಲಾಸಪುರದ ದಾರಿ ಹಿಡಿಯುತ್ತಿದ್ದೇವೆ. ಹಬ್ಬಕ್ಕೆ ತಪ್ಪಿದರೂ ಹಬ್ಬದ ಮಾರನೇ ದಿನಕ್ಕೆ ಬರುತ್ತೇವೆ.

ಪತ್ರದ ಜೊತೆ ಒಂದು ಟೇಪೂ ಇದೆ, ನಿರಂಜನ ಸೀಡಿ ಮಾಡಿ ಕೊಡುತ್ತಾನೆ. ಲೇತ್ ಅಂಗಡಿಯಿಂದ ಬಸ್ ಸ್ಟ್ಯಾಂಡಿನವರೆಗೆ ತೆಗೆದದ್ದು. ಅದರಲ್ಲಿ ಅಣ್ಣನ ಬೆನ್ನು ಬಿಟ್ಟರೆ ಏನೂ ಇಲ್ಲ. ಸಂತೆಯ ಜನ, ಕಬ್ಬಿನ ರಾಶಿ, ಸೈಕಲ್ಲುಗಳು ಎರಡೂ ಕಡೆ ತೇಲಿ ಹೋಗುತ್ತವೆ, ಬೆನ್ನು ಮಾತ್ರ ನಡುವೆ ಇರುತ್ತದೆ. ನನ್ನ ಕಣ್ಣು ತುಂಬಿ ಮುಂದೇನೂ ಕಾಣುತ್ತಿರಲಿಲ್ಲ, ಎಡವುತ್ತಲೇ ನಡೆದೆ. ಆದರೂ ಚಿತ್ರ ಅಲ್ಲಾಡಿಲ್ಲ, ನೋಡು.

ಮುಂದೊಂದು ದಿನ ಹಿಮಾಲಯಕ್ಕೆ ಹೋಗುತ್ತೇನೆ. ಆಗ ಹೇಳಿಯೇ ಹೊರಡುತ್ತೇನೆ. ನೀನೂ ಕಲ್ಲನ್ನು ಬೇವಿನ ಬುಡದಲ್ಲಿ ಬಚ್ಚಿಡಬೇಡ, ಶೇಂಗಾ ಉಂಡೆಯ ಪಕ್ಕ ಚೀಲದಲ್ಲೇ ಹಾಕು. ದಾರಿಯಮ್ಮನಿಗೆ ನಾನು ಹೇಳಿಕೊಳ್ಳುತ್ತೇನೆ.

ಅಣ್ಣ ಆಗಲೇ ಸುಮಾರು ಮುಂದೆ ಹೋಗಿ ತಿರುಗಿ ನೋಡುತ್ತಿದ್ದಾನೆ. ಬರುತ್ತಿದ್ದೇವೆ. ಅವನ ಕಾಲಿಗೆ ಬಿಸಿನೀರು ಕಾಯಿಸಿಡು.

ಅಂಜನ್